ಒಂದೇ ಸಿಲಿಂಡರ್, ಎರಡು ಪೋರ್ಟ್: 3.5 ಗಿಗಾಹರ್ಟ್ಸ್‌ಗೆ ಕಾಂಪ್ಯಾಕ್ಟ್ ಡಿಆರ್‌ಎ ಡಿಸೈನ್ ಮಾಡೋ ಪೂರ್ತಿ ದಾರಿ

ಡೈಎಲೆಕ್ಟ್ರಿಕ್ ರೆಸೋನೇಟರ್ ಆಂಟೆನಾ (ಲೋಹದ ಬದ್ಲು ಸೆರಾಮಿಕ್ ಥರದ, ಕರೆಂಟ್ ಹರಿಯದ ವಸ್ತುವಿನ ತುಂಡೇ ರೇಡಿಯೇಟ್ ಮಾಡೋ ಆಂಟೆನಾ), ಅಂದ್ರೆ ಡಿಆರ್‌ಎ, ಪ್ರಾಜೆಕ್ಟ್‌ಗೆ ತಗೊಂಡಿರೋ ಹುಡುಗ ಹುಡುಗೀರು ಹತ್ರ ಬಂದು ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ ಒಂದೇ: "ಸರ್, ಎರಡು ಪೋರ್ಟ್ ಇಟ್ಟೆ, ಐಸೋಲೇಶನ್ 12 ಡಿಬಿ ಬರ್ತಿದೆ, ಗ್ರೌಂಡ್‌ನಲ್ಲಿ ಎಲ್ಲಿ ಸ್ಲಾಟ್ ಕೊರೀಲಿ?" (ಪೋರ್ಟ್ ಅಂದ್ರೆ ಆಂಟೆನಾಗೆ ಸಿಗ್ನಲ್ ಕೊಡೋ ಬಾಯಿ, ಐಸೋಲೇಶನ್ ಅಂದ್ರೆ ಒಂದು ಪೋರ್ಟಿನ ಸಿಗ್ನಲ್ ಇನ್ನೊಂದಕ್ಕೆ ಸೋರದಿರೋ ಅಳತೆ, ಡಿಬಿ ಜಾಸ್ತಿ ಇದ್ದಷ್ಟೂ ಒಳ್ಳೇದು.) ನಾನು ಹೇಳೋದೂ ಪ್ರತಿ ಸಲ ಅದೇ. ಎಲ್ಲೂ ಕೊರೀಬೇಡ, ಮೊದಲು ಪೋರ್ಟ್‌ಗಳು ಯಾವ ಜಾಗದಲ್ಲಿ ಕೂತಿವೆ ಅಂತ ನೋಡು. ಮಲ್ಟಿಪೋರ್ಟ್ ಡಿಆರ್‌ಎಯಲ್ಲಿ ಐಸೋಲೇಶನ್ ಅನ್ನೋದು ಕೊನೇಲಿ ತೇಪೆ ಹಾಕಿ ತರೋ ವಸ್ತು ಅಲ್ಲ, ಮೊದಲ ದಿನ ಪೇಪರ್ ಮೇಲೆ ಮೋಡ್ (ತುಂಡಿನೊಳಗೆ ಫೀಲ್ಡ್ ಕಂಪಿಸೋ ವಿನ್ಯಾಸ) ಮತ್ತೆ ಸಿಮೆಟ್ರಿ ಆರಿಸ್ಕೊಳ್ಳುವಾಗ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡತ್ತೆ. ಈ ಬರಹ ಪೂರ್ತಿ ಅದರ ಸುತ್ತಾನೇ ಇದೆ, ಉದಾಹರಣೆಗೆ ಒಂದು ನಿಜವಾದ ಡಿಸೈನ್ ತಗೊಂಡು ಲೆಕ್ಕದಿಂದ ಹಿಡಿದು ಅಳತೆ ತನಕ ಹೋಗೋಣ.

ಹಿನ್ನೆಲೆ ಎರಡೇ ಮಾತಲ್ಲಿ. ಲೋಹ ಇಲ್ಲದ ಡೈಎಲೆಕ್ಟ್ರಿಕ್ ತುಂಡೂ ರೆಸೋನೇಟ್ ಆಗತ್ತೆ ಅಂತ ರಿಕ್ಟ್‌ಮಯರ್ 1939ರಲ್ಲೇ ತೋರಿಸಿದ್ರು, ಆಮೇಲೆ ಬಹಳ ಕಾಲ ಅದನ್ನ ಫಿಲ್ಟರ್, ಆಸಿಲೇಟರ್ ಒಳಗೆ ಲೋಹದ ಡಬ್ಬೀಲಿ ಮುಚ್ಚಿಟ್ಟೇ ಬಳಸ್ತಿದ್ರು. ಡಬ್ಬಿ ತೆಗೆದುಬಿಟ್ರೆ ಅದೇ ತುಂಡು ಒಳ್ಳೇ ಆಂಟೆನಾ ಅನ್ನೋದನ್ನ ಸಿಲಿಂಡರ್ ಆಕಾರದಲ್ಲಿ ಕ್ರಮವಾಗಿ ತೋರಿಸಿದ್ದು 1983ರಲ್ಲಿ, ಲಾಂಗ್, ಮೆಕಾಲಿಸ್ಟರ್, ಶೆನ್ ಅವರ ಪೇಪರ್. ಮೈಕ್ರೋಸ್ಟ್ರಿಪ್ ಪ್ಯಾಚ್ (ಬೋರ್ಡ್ ಮೇಲಿನ ಚಪ್ಪಟೆ ತಾಮ್ರದ ಆಂಟೆನಾ) ಇದ್ದಾಗ ಇದೇಕೆ ಅಂದ್ರೆ, ರೇಡಿಯೇಟ್ ಮಾಡೋ ಭಾಗದಲ್ಲಿ ಲೋಹ ಇಲ್ಲ, ಹಾಗಾಗಿ ಕಂಡಕ್ಟರ್ ಲಾಸ್ ಇಲ್ಲ, ಬ್ಯಾಂಡ್‌ವಿಡ್ತ್ ಪ್ಯಾಚ್‌ಗಿಂತ ಧಾರಾಳ, ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ತುಂಡಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಮೋಡ್‌ಗಳು ಇರಬಹುದು. ಮಲ್ಟಿಪೋರ್ಟ್‌ಗೆ ನಮಗೆ ಬೇಕಿರೋದೇ ಆ ಕೊನೇ ಗುಣ. ಒಂದು ಮಾತು ನೇರವಾಗಿ ಹೇಳ್ಬೇಕು, 3.5 ಗಿಗಾಹರ್ಟ್ಸ್‌ನಲ್ಲಿ ಕಂಡಕ್ಟರ್ ಲಾಸ್ ಅಷ್ಟೇನೂ ದೊಡ್ಡ ಸಮಸ್ಯೆ ಅಲ್ಲ, ಆ ಲಾಭ ನಿಜವಾಗಿ ಕಾಣ್ಸೋದು ಮಿಲಿಮೀಟರ್ ವೇವ್‌ನಲ್ಲಿ. ಇಲ್ಲಿ ನಾವು ಡಿಆರ್‌ಎ ತಗೊಳ್ತಿರೋದು ಜಾಗ ಉಳಿಸೋಕೆ ಮತ್ತೆ ಮೋಡ್‌ಗಳಿಗೋಸ್ಕರ.

ಮೊದಲು ಬ್ಯಾಂಡ್ ಬರ್ಕೊಳ್ಳಿ

"5ಜಿ ಆಂಟೆನಾ" ಅಂತ ಬರೆದ್ರೆ ಸಾಲಲ್ಲ. ನಮ್ಮ ದೇಶದಲ್ಲಿ 2022ರ ಹರಾಜಿಗೆ ಬಂದ ಮಿಡ್‌ಬ್ಯಾಂಡ್ 3300ರಿಂದ 3670 ಮೆಗಾಹರ್ಟ್ಸ್, ಅಂದ್ರೆ 370 ಮೆಗಾಹರ್ಟ್ಸ್ ಅಗಲ, ನಡುಬಿಂದು 3485. ಶೇಕಡಾ ಲೆಕ್ಕದಲ್ಲಿ ಹತ್ರತ್ರ 10.6. ಈ 10.6 ಅನ್ನೋ ನಂಬರನ್ನ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸ್ಕೊಳ್ಳಿ, ಮುಂದಿನ ಎಲ್ಲಾ ತೀರ್ಮಾನ ಇದರ ಮೇಲೇ ನಿಂತಿರತ್ತೆ. ಇದ್ರ ಜೊತೆಗೆ ಎರಡೂ ಪೋರ್ಟ್‌ನಲ್ಲಿ ರಿಟರ್ನ್ ಲಾಸ್ (ಕೊಟ್ಟ ಶಕ್ತಿಯಲ್ಲಿ ವಾಪಸ್ ಬರೋದು ಎಷ್ಟು ಕಮ್ಮಿ ಅನ್ನೋ ಅಳತೆ) 10 ಡಿಬಿಗಿಂತ ಚೆನ್ನಾಗಿರ್ಬೇಕು, ಐಸೋಲೇಶನ್ 20 ಡಿಬಿ ದಾಟ್ಬೇಕು, ಬೋರ್ಡ್ 50 × 50 ಮಿಮೀ ಒಳಗಿರ್ಬೇಕು ಅಂತ ಇಟ್ಕೊಳ್ಳೋಣ. 3.5 ಗಿಗಾಹರ್ಟ್ಸ್‌ನಲ್ಲಿ ಗಾಳೀಲಿ ತರಂಗದೂರ 85.7 ಮಿಮೀ, ಹಾಗಾಗಿ ಬೋರ್ಡ್ ಸುಮಾರು 0.58 ತರಂಗದೂರದ ಚೌಕ.

ಮಟೀರಿಯಲ್ ಆರಿಸೋದು, ಇಲ್ಲೇ ತುಂಬಾ ಜನ ಎಡವೋದು

ಕಾಂಪ್ಯಾಕ್ಟ್ ಬೇಕು ಅಂದ ತಕ್ಷಣ ಪರ್ಮಿಟಿವಿಟಿ (ವಸ್ತು ಎಲೆಕ್ಟ್ರಿಕ್ ಫೀಲ್ಡನ್ನ ಎಷ್ಟು ಹಿಡಿದಿಡತ್ತೆ ಅನ್ನೋ ಸಂಖ್ಯೆ) ಜಾಸ್ತಿ ಇರೋ ಸೆರಾಮಿಕ್ ಹಿಂದೆ ಓಡ್ತಾರೆ. ಸೈಜ್ ಹೆಚ್ಚುಕಡಿಮೆ ಪರ್ಮಿಟಿವಿಟಿಯ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯತ್ತೆ ಅನ್ನೋದೇನೋ ಸರಿ, ಆದ್ರೆ ಕ್ಯೂ ಫ್ಯಾಕ್ಟರ್ (ರೆಸೋನೆನ್ಸ್ ಎಷ್ಟು ಚೂಪು ಅನ್ನೋ ಅಳತೆ) ಅದರ 1.3ನೇ ಘಾತದಲ್ಲಿ ಏರತ್ತೆ, ಅಂದ್ರೆ ಸೈಜ್ ಇಳಿಯೋದಕ್ಕಿಂತ ಜೋರಾಗಿ ಬ್ಯಾಂಡ್‌ವಿಡ್ತ್ ಕುಸಿಯತ್ತೆ. ಲೆಕ್ಕ ಹಾಕಿ ನೋಡಿದ್ರೆ ಸಂಗತಿ ಕಣ್ಣಿಗೆ ಹೊಡೆಯತ್ತೆ. ತ್ರಿಜ್ಯ ಮತ್ತೆ ಎತ್ತರದ ಅನುಪಾತ 1.25 ಇಟ್ಕೊಂಡು ಪರ್ಮಿಟಿವಿಟಿ 9.8ರ ಅಲ್ಯೂಮಿನಾ ತಗೊಂಡ್ರೆ ವ್ಯಾಸ 25 ಮಿಮೀ, ಬ್ಯಾಂಡ್‌ವಿಡ್ತ್ ಶೇ 9.7 ಬರತ್ತೆ, ಅದೇ ಅನುಪಾತದಲ್ಲಿ ಪರ್ಮಿಟಿವಿಟಿ 20 ಮಾಡಿದ್ರೆ ವ್ಯಾಸ 18.5ಕ್ಕೆ ಇಳಿಯತ್ತೆ ಆದ್ರೆ ಬ್ಯಾಂಡ್‌ವಿಡ್ತ್ ಶೇ 3.8. ನಮಗೆ ಬೇಕಿರೋದು 10.6. ಆರೂವರೆ ಮಿಮೀ ಉಳಿಸೋಕೆ ಬ್ಯಾಂಡಿನ ಶೇ 60ರಷ್ಟು ಭಾಗ ಬಿಟ್ಟುಕೊಟ್ಟ ಹಾಗೆ.

ಅದಕ್ಕೇ ಅಲ್ಯೂಮಿನಾಗೇ ನಿಲ್ಲಿ, ಪರ್ಮಿಟಿವಿಟಿ 9.8. ಲಾಸ್ ಕಮ್ಮಿ, ರಾಡ್ ರೂಪದಲ್ಲಿ ಸಿಗತ್ತೆ. ಕಷ್ಟ ಏನಂದ್ರೆ ಅದು ಕಲ್ಲಿಗಿಂತ ಗಟ್ಟಿ, ಮಾಮೂಲಿ ಲೇತ್ ಟೂಲ್ ನಡಿಯಲ್ಲ, ಡೈಮಂಡ್ ಟೂಲ್ ಇರೋ ಕಡೆನೇ ಕತ್ತರಿಸಿಸ್ಬೇಕು. ಕೈಗೆಟುಕುವ ಇನ್ನೊಂದು ದಾರಿ ಅಂದ್ರೆ ರೋಜರ್ಸ್ ಟಿಎಮ್‌ಎಮ್10ಐ ಥರದ ಲ್ಯಾಮಿನೇಟ್, ಅದರದ್ದೂ 9.8, ತಾಮ್ರ ತೆಗೆದು ಹಾಳೆಗಳನ್ನ ಒಂದರ ಮೇಲೊಂದು ಅಂಟಿಸಿ ಬೇಕಾದ ಎತ್ತರ ತರ್ಬಹುದು, ಆದ್ರೆ ಪ್ರತಿ ಅಂಟಿನ ಪದರಾನೂ ಒಟ್ಟು ಪರ್ಮಿಟಿವಿಟಿ ಸ್ವಲ್ಪ ಸ್ವಲ್ಪ ಇಳಿಸತ್ತೆ ಅನ್ನೋದು ನೆನಪಿರ್ಲಿ.

ಫೀಡ್ ಬೋರ್ಡ್‌ಗೆ 1.6 ಮಿಮೀ ಎಫ್‌ಆರ್‌4 (ಮಾಮೂಲಿ ಸರ್ಕ್ಯೂಟ್ ಬೋರ್ಡ್ ವಸ್ತು), ಪರ್ಮಿಟಿವಿಟಿ 4.4, ಲಾಸ್ ಟ್ಯಾಂಜೆಂಟ್ 0.02. ಬಜೆಟ್ ಇದ್ರೆ ಕಡಿಮೆ ಲಾಸ್‌ನ ಬೋರ್ಡ್ ಹಾಕಿ, ಆಂಟೆನಾದಲ್ಲಿ ಲಾಸ್ ಉಳಿಸಿ ಫೀಡ್ ಲೈನ್‌ನಲ್ಲಿ ಸುಡೋದ್ರಲ್ಲಿ ಅರ್ಥ ಇಲ್ಲ. ಲೈನ್ ಚಿಕ್ಕದಾಗಿದ್ರೆ ಕಲಿಯೋ ಮಟ್ಟಕ್ಕೆ ಎಫ್‌ಆರ್‌4 ಪರವಾಗಿಲ್ಲ.

ಸೈಜ್ ಲೆಕ್ಕ, ನಿಧಾನವಾಗಿ

ನಾವು ಬಳಸೋ ಮೂಲ ಮೋಡ್ ಎಚ್‌ಇ11ಡೆಲ್ಟಾ. ಗ್ರೌಂಡ್ ಮೇಲೆ ಮಲಗಿರೋ ಒಂದು ಚಿಕ್ಕ ಮ್ಯಾಗ್ನೆಟಿಕ್ ಡೈಪೋಲ್ ಥರ ಇದು ವರ್ತಿಸತ್ತೆ, ರೇಡಿಯೇಶನ್ ನೇರ ಮೇಲಕ್ಕೆ. ಇದರ ರೆಸೋನೆನ್ಸ್‌ಗೆ ಎಲ್ಲರೂ ಬಳಸೋ ಫಾರ್ಮುಲಾ ಹೀಗಿದೆ:

ತರಂಗಸಂಖ್ಯೆ × ತ್ರಿಜ್ಯ = [6.324 ÷ √(ಪರ್ಮಿಟಿವಿಟಿ + 2)] × [0.27 + 0.36 ಪ + 0.02 ಪ²]

ಇಲ್ಲಿ ಪ ಅಂದ್ರೆ ತ್ರಿಜ್ಯ ÷ (2 × ಎತ್ತರ). ತರಂಗಸಂಖ್ಯೆ ಅಂದ್ರೆ 2π × ಫ್ರೀಕ್ವೆನ್ಸಿ ÷ ಬೆಳಕಿನ ವೇಗ. ತ್ರಿಜ್ಯ ÷ ಎತ್ತರ 0.4ರಿಂದ 6ರ ಒಳಗಿದ್ರೆ ಇದನ್ನ ನಂಬಬಹುದು. ಕ್ಯೂಗೆ:

ಕ್ಯೂ = 0.01007 × ಪರ್ಮಿಟಿವಿಟಿಯ 1.3ನೇ ಘಾತ × ಅ × {1 + 100 × ಎಕ್ಸ್‌ಪೊನೆನ್ಶಿಯಲ್ [−2.05 × (ಪ − ಅ²÷80)]}

ಅ ಅಂದ್ರೆ ತ್ರಿಜ್ಯ ÷ ಎತ್ತರ. ವಿಎಸ್‌ಡಬ್ಲ್ಯೂಆರ್ (ಮ್ಯಾಚ್ ಎಷ್ಟು ಚೆನ್ನಾಗಿದೆ ಅನ್ನೋ ಇನ್ನೊಂದು ಅಳತೆ) 2ರ ಲೆಕ್ಕದಲ್ಲಿ ಬ್ಯಾಂಡ್‌ವಿಡ್ತ್ ಅಂದ್ರೆ 1 ÷ (1.414 × ಕ್ಯೂ).

ಈಗ ಒಂದು ಸ್ಪ್ರೆಡ್‌ಶೀಟ್ ತೆಗೆದು ಅ ಬದಲಾಯಿಸ್ತಾ ಹೋಗಿ, ಇದನ್ನ ದಯವಿಟ್ಟು ಕೈಯಾರೆ ಮಾಡಿ, ಸಾಫ್ಟ್‌ವೇರ್ ತೆರೆಯೋ ಮೊದಲು ಮಾಡಿ, ಯಾಕಂದ್ರೆ ಇಲ್ಲಿ ಒಂದು ಸೊಗಸಾದ ವಿಷಯ ಅಡಗಿದೆ. ಅಲ್ಯೂಮಿನಾದಲ್ಲಿ ಅ = 1 ಆಸುಪಾಸಲ್ಲಿ ಕ್ಯೂ ಗರಿಷ್ಠ, ಸುಮಾರು 7.4. ಅಂದ್ರೆ ತ್ರಿಜ್ಯದಷ್ಟೇ ಎತ್ತರ ಇರೋ ಸಿಲಿಂಡರ್ ಬ್ಯಾಂಡ್‌ವಿಡ್ತ್ ದೃಷ್ಟಿಯಿಂದ ಅತೀ ಕೆಟ್ಟ ಆಯ್ಕೆ! ಅಗಲಕ್ಕೆ ಹೋಗಿ ಅ = 3 ಮಾಡಿದ್ರೆ ಕ್ಯೂ 4ಕ್ಕೆ ಬೀಳತ್ತೆ, ಬ್ಯಾಂಡ್‌ವಿಡ್ತ್ ಶೇ 17.7, ಆದ್ರೆ ವ್ಯಾಸ 43 ಮಿಮೀ ಆಗಿಬಿಡತ್ತೆ, ನಮ್ಮ ಬೋರ್ಡ್ ತುಂಬಾ ಅದೇ. ಎತ್ತರಕ್ಕೆ ಹೋದ್ರೆ? ಅ = 0.6 ಹತ್ರ ಕ್ಯೂ 6.5, ಬ್ಯಾಂಡ್‌ವಿಡ್ತ್ ಶೇ 10.9, ವ್ಯಾಸ ಬರೀ 19 ಮಿಮೀ. ಜಾಗಾನೂ ಉಳೀತು, ಬ್ಯಾಂಡೂ ಅಗಲ ಆಯ್ತು, ತೆರಬೇಕಾದ ಬೆಲೆ ಎತ್ತರ ಒಂದೇ.

ಹಾಗಾಗಿ ತ್ರಿಜ್ಯ 9.5 ಮಿಮೀ, ಎತ್ತರ 16 ಮಿಮೀ. ಪ = 0.297, ಬ್ರಾಕೆಟ್ ಒಳಗೆ 0.3786, ಮುಂದಿನ ಗುಣಕ 6.324 ÷ √11.8 = 1.841, ಗುಣಿಸಿದ್ರೆ 0.697, ತ್ರಿಜ್ಯದಿಂದ ಭಾಗಿಸಿದ್ರೆ ತರಂಗಸಂಖ್ಯೆ 73.4, ಅದಕ್ಕೆ ಫ್ರೀಕ್ವೆನ್ಸಿ 3.50 ಗಿಗಾಹರ್ಟ್ಸ್. ಶೇ 10.9 ಅಂದ್ರೆ 381 ಮೆಗಾಹರ್ಟ್ಸ್, ಹೆಚ್ಚುಕಡಿಮೆ 3.31ರಿಂದ 3.69. ಬೇಕಾದ ಬ್ಯಾಂಡ್ ಅಗಲಕ್ಕೆ ಸರಿಯಾಗಿ ಕೂರತ್ತೆ ಆದ್ರೆ ಕೈಯಲ್ಲಿ ಮಿಗೋದು ಏನೂ ಇಲ್ಲ, ಆ ಮಿಗತೆಯನ್ನ ಮುಂದೆ ಸ್ಲಾಟ್‌ನ ಸ್ವಂತ ರೆಸೋನೆನ್ಸಿಂದ ತರೋಣ. ಎತ್ತರ 16 ಮಿಮೀ ಅಂದ್ರೆ ಫೋನ್ ಒಳಗೆ ಹೋಗಲ್ಲ, ಸ್ಪಷ್ಟ. ರೂಟರ್, ಮನೆ ಹೊರಗೆ ಹಾಕೋ ಸಿಪಿಇ (ಗ್ರಾಹಕರ ಕಡೆ ಸಿಗ್ನಲ್ ಹಿಡಿಯೋ) ಡಬ್ಬಿ, ಸ್ಮಾಲ್ ಸೆಲ್ ಇಂಥವಕ್ಕೆ ಇದು ಆರಾಮ. ಎತ್ತರ ಕಟ್ಟುನಿಟ್ಟಾಗಿ 10 ಮಿಮೀ ಅಂತ ಯಾರಾದ್ರೂ ಹೇಳಿದ್ರೆ 25 × 10ರ ಸಿಲಿಂಡರ್‌ಗೆ ವಾಪಸ್ ಹೋಗ್ಬೇಕು, ಅದು ಲೆಕ್ಕದಲ್ಲಿ 3.53ಕ್ಕೆ ಬರತ್ತೆ.

ಪೋರ್ಟ್ ಎಲ್ಲಿಡ್ಬೇಕು: ಇಡೀ ಕೆಲಸದ ಜೀವಾಳ ಇದು

ಸಿಲಿಂಡರ್ ದುಂಡಗಿರೋದ್ರಿಂದ ಎಚ್‌ಇ11 ಮೋಡ್ ಒಂಟಿಯಾಗಿರಲ್ಲ, ಜೋಡಿ ಇರತ್ತೆ. ಒಂದರ ಮ್ಯಾಗ್ನೆಟಿಕ್ ಡೈಪೋಲ್ ಎಕ್ಸ್ ದಿಕ್ಕಿಗೆ, ಇನ್ನೊಂದರದ್ದು ವೈ ದಿಕ್ಕಿಗೆ, ಎರಡಕ್ಕೂ ಫ್ರೀಕ್ವೆನ್ಸಿ ಒಂದೇ, ಒಂದಕ್ಕೊಂದು ಪೂರ್ತಿ ಆರ್ಥೋಗನಲ್, ಅಂದ್ರೆ ಒಂದರ ಶಕ್ತಿ ಇನ್ನೊಂದಕ್ಕೆ ಹೋಗಲ್ಲ. ಒಂದು ಪೋರ್ಟ್ ಒಂದನ್ನ ಎಬ್ಬಿಸ್ಬೇಕು, ಇನ್ನೊಂದು ಇನ್ನೊಂದನ್ನ. ಕೇಳೋಕೆ ಸುಲಭ, ಆದ್ರೆ ಫೀಡ್ ಅನ್ನೋದು ಬರೀ ನಮಗೆ ಬೇಕಾದ ಮೋಡನ್ನ ಮಾತ್ರ ಎಬ್ಬಿಸಲ್ಲ, ಸುತ್ತಮುತ್ತ ಇರೋ ಬೇರೆ ಮೋಡ್‌ಗಳನ್ನೂ ಸ್ವಲ್ಪ ಸ್ವಲ್ಪ ಕೆಣಕತ್ತೆ, ಆ ಮೂಲಕವೇ ಎರಡು ಪೋರ್ಟ್ ಮಾತಾಡ್ಕೊಳ್ಳೋದು.

ಸಾಮಾನ್ಯವಾಗಿ ಎಲ್ಲರೂ ಮಾಡೋದು ಸಿಲಿಂಡರ್ ಪಕ್ಕದ ಗೋಡೆಗೆ 90 ಡಿಗ್ರಿ ಅಂತರದಲ್ಲಿ ಎರಡು ತಾಮ್ರದ ಸ್ಟ್ರಿಪ್. ಕೆಲಸ ಮಾಡತ್ತೆ, ಆದ್ರೆ ಮೊದಲನೇ ಸ್ಟ್ರಿಪ್ ಇರೋ ಸಿಮೆಟ್ರಿ ಪ್ಲೇನ್‌ನಿಂದ ಎರಡನೇ ಸ್ಟ್ರಿಪ್ ಹೊರಗೆ ಬೀಳತ್ತೆ, ಎರಡೂ ಲಂಬವಾಗಿರೋ ಕರೆಂಟ್, ಹಾಗಾಗಿ ಟಿಎಮ್01ಡೆಲ್ಟಾ ಥರದ ಸುತ್ತಲೂ ಸಮನಾಗಿರೋ ಮೋಡ್ ಎರಡಕ್ಕೂ ಸೇತುವೆ ಆಗತ್ತೆ. ಎರಡು ಸ್ಲಾಟ್ ಕ್ರಾಸ್ ಮಾಡಿ ಇಟ್ರೆ ಸಿಮೆಟ್ರಿ ಚೆನ್ನ, ಆದ್ರೆ ಕೆಳಗೆ ಎರಡು ಮೈಕ್ರೋಸ್ಟ್ರಿಪ್ ಲೈನ್ ನಡುಮಧ್ಯ ಡಿಕ್ಕಿ ಹೊಡೀತವೆ, ಏರ್ ಬ್ರಿಡ್ಜ್ ಇಲ್ಲಾ ಇನ್ನೊಂದು ಲೇಯರ್ ಬೇಕು.

ನನಗೆ ಇಷ್ಟವಾದ ದಾರಿ ಮಿಶ್ರ ಫೀಡ್. ಸಿಲಿಂಡರ್ ಕೆಳಗೆ ಗ್ರೌಂಡ್‌ನಲ್ಲಿ ವೈ ದಿಕ್ಕಿಗೆ ಉದ್ದುದ್ದಕ್ಕೆ ಒಂದು ಸ್ಲಾಟ್, ಅದು ಪೋರ್ಟ್ 1. ಅದೇ ವೈ ಗೆರೆ ಮುಂದುವರಿದು ಸಿಲಿಂಡರ್‌ನ ಗೋಡೆಗೆ ತಾಗೋ ಜಾಗದಲ್ಲಿ ಒಂದು ಲಂಬ ಸ್ಟ್ರಿಪ್, ಅದು ಪೋರ್ಟ್ 2. ಎರಡೂ ಒಂದೇ ಪ್ಲೇನ್‌ನಲ್ಲಿವೆ, ಎಕ್ಸ್ = 0. ಈಗ ಆ ಪ್ಲೇನ್‌ನಲ್ಲಿ ಒಂದು ಕನ್ನಡಿ ಇಟ್ಟಿದೀರಿ ಅಂದ್ಕೊಳ್ಳಿ. ಸ್ಟ್ರಿಪ್‌ನ ಲಂಬ ಕರೆಂಟ್ ಕನ್ನಡೀಲಿ ಹಾಗೇ ಕಾಣತ್ತೆ. ಸ್ಲಾಟ್‌ನ ಮ್ಯಾಗ್ನೆಟಿಕ್ ಕರೆಂಟ್ ಕನ್ನಡಿಗೆ ಸಮಾನಾಂತರವಾಗಿರೋದ್ರಿಂದ ಚಿಹ್ನೆ ತಿರುಗಿಸ್ಕೊಳ್ಳತ್ತೆ. ಒಂದು ಸಮ, ಇನ್ನೊಂದು ಬೆಸ. ಸಮ ಇರೋದು ಎಬ್ಬಿಸೋ ಎಲ್ಲಾ ಮೋಡ್‌ಗಳೂ ಸಮ, ಬೆಸ ಇರೋದು ಎಬ್ಬಿಸೋ ಎಲ್ಲವೂ ಬೆಸ, ಅವು ಎಂದಿಗೂ ಒಂದಕ್ಕೊಂದು ಶಕ್ತಿ ಕೊಡಲ್ಲ. ಬರೀ ಎಚ್‌ಇ11 ಜೋಡಿ ಅಷ್ಟೇ ಅಲ್ಲ, ಎಷ್ಟೇ ಮೇಲಿನ ಮೋಡ್ ಬಂದ್ರೂ ಇದೇ ಕತೆ. ಇದೇ ನಾನು ಮೊದಲು ಹೇಳಿದ ಮಾತು, ಐಸೋಲೇಶನ್ ಇಲ್ಲಿ ರಚನೆಯಲ್ಲೇ ಹುಟ್ಟಿದೆ, ಯಾರೂ ತೇಪೆ ಹಾಕಿದ್ದಲ್ಲ.

ಹಾಗಾದ್ರೆ ಐಸೋಲೇಶನ್ ಅನಂತ ಬರತ್ತಾ? ಇಲ್ಲ, ಪೋರ್ಟ್ 1ರ ಮೈಕ್ರೋಸ್ಟ್ರಿಪ್ ಲೈನ್ ಸ್ಲಾಟನ್ನ ಅಡ್ಡ ದಾಟ್ಬೇಕಲ್ಲ, ಅದು ಎಕ್ಸ್ ದಿಕ್ಕಿನ ಒಂದು ಕಡೆಯಿಂದ ಬರತ್ತೆ, ಸಿಮೆಟ್ರಿ ಮುರಿಯೋದು ಅದೊಂದೇ. ಅದು ಗ್ರೌಂಡ್ ಕೆಳಗಿರೋದ್ರಿಂದ ಮೇಲಿನ ಸಿಲಿಂಡರ್‌ಗೆ ಅಷ್ಟಾಗಿ ಕಾಣಲ್ಲ. ಸಿಮ್ಯುಲೇಶನ್‌ನಲ್ಲಿ 20 ಡಿಬಿ ಕೂಡ ಬರ್ಲಿಲ್ಲ ಅಂದ್ರೆ ಎಲ್ಲೋ ಸಿಮೆಟ್ರಿ ಮುರಿದಿದೀರಿ ಅಂತಲೇ ಅರ್ಥ, ಡಿಕಪ್ಲಿಂಗ್ ಸ್ಟ್ರಕ್ಚರ್ ಹುಡುಕೋ ಬದ್ಲು ಅದನ್ನ ಹುಡುಕಿ.

ಸಂದರ್ಭ ಬಂತು ಅಂತ ಇನ್ನೊಂದು ವಿಷಯ. ಸಿಲಿಂಡರ್ ನಟ್ಟನಡುವೆ ಒಂದು ಪ್ರೋಬ್ ಚುಚ್ಚಿದ್ರೆ ಅದು ಟಿಎಮ್01ಡೆಲ್ಟಾ ಎಬ್ಬಿಸತ್ತೆ, ಎಚ್‌ಇ11ರ ಲಂಬ ಎಲೆಕ್ಟ್ರಿಕ್ ಫೀಲ್ಡ್ ನಡುವಲ್ಲಿ ಸೊನ್ನೆ ಇರೋದ್ರಿಂದ ಅದಕ್ಕೆ ತಟ್ಟಲ್ಲ, ಹಾಗಾಗಿ ಮೂರನೇ ಪೋರ್ಟ್ ಪುಕ್ಕಟೆ ಸಿಕ್ಕ ಹಾಗೆ ಅನ್ಸತ್ತೆ. ಆದ್ರೆ ಫ್ರೀಕ್ವೆನ್ಸಿ ನೋಡಿ, ನಮ್ಮ 19 × 16 ಸಿಲಿಂಡರ್‌ನಲ್ಲಿ ಟಿಎಮ್01 ಸುಮಾರು 5.76 ಗಿಗಾಹರ್ಟ್ಸ್‌ಗೆ ಬೀಳತ್ತೆ, 25 × 10ರಲ್ಲೂ 4.79. ಎರಡನ್ನೂ ಒಂದೇ ಬ್ಯಾಂಡ್‌ಗೆ ತರೋಕೆ ಆಕಾರ ಬದಲಾಯಿಸ್ಬೇಕು, ಅದು ಬೇರೆಯದೇ ಪ್ರಾಜೆಕ್ಟ್. ನಮಗೆ ಸದ್ಯಕ್ಕೆ ಅದು ದೂರ ಇರೋದೇ ಒಳ್ಳೇದು, ಸ್ಟ್ರಿಪ್ ಅದನ್ನ ಸುಮ್ಮನೆ ಎಬ್ಬಿಸಲ್ಲ.

ಫೀಡ್ ಅಳತೆಗಳು

ಸ್ಲಾಟ್ ಉದ್ದದ ಮೊದಲ ಅಂದಾಜು 0.4 × ತರಂಗದೂರ ÷ √(ಸಿಲಿಂಡರ್ ಮತ್ತೆ ಬೋರ್ಡಿನ ಪರ್ಮಿಟಿವಿಟಿಗಳ ಸರಾಸರಿ). ಸರಾಸರಿ 7.1, ವರ್ಗಮೂಲ 2.66, ಉದ್ದ 12.9 ಮಿಮೀ. ಅಗಲ ಉದ್ದದ ಐದನೇ ಒಂದು ಭಾಗ ಅಂತ ರೂಢಿ, ನಾನು ಇನ್ನೂ ಸಪೂರ ಮಾಡಿ 1.5ರಿಂದ ಶುರು ಮಾಡ್ತೀನಿ, ಹಿಂದಕ್ಕೆ ಸೋರಿಕೆ ಕಮ್ಮಿ. ಲೈನ್ 50 ಓಮ್‌ಗೆ 3 ಮಿಮೀ ಅಗಲ. ಸ್ಲಾಟ್ ದಾಟಿದ ಮೇಲೆ ಕಾಲು ತರಂಗದೂರದ ಓಪನ್ ಸ್ಟಬ್, ಎಫ್‌ಆರ್‌4 ಲೈನ್‌ನಲ್ಲಿ ಅದು 11.7 ಮಿಮೀ ಸುಮಾರು.

ಪೋರ್ಟ್ 2ರ ಲೈನ್ ಬೋರ್ಡಿನ ವೈ ಅಂಚಿನಿಂದ ನಡುಗೆರೆ ಮೇಲೇ ಬಂದು ಸಿಲಿಂಡರ್ ಗೋಡೆ ಹತ್ರ ನಿಲ್ಲತ್ತೆ, ಅಲ್ಲಿಂದ ಒಂದು ತೆಳು ತಂತಿ ಬೋರ್ಡ್ ತೂರಿ ಗ್ರೌಂಡ್‌ನಲ್ಲಿ ಕೊರೆದ 3 ಮಿಮೀ ತೂತಿನ ನಡುವಿಂದ ಮೇಲೆ ಬರತ್ತೆ, ಗ್ರೌಂಡ್‌ಗೆ ತಾಗ್ಬಾರ್ದು, ಮೇಲೆ ಬಂದು ಸ್ಟ್ರಿಪ್‌ಗೆ ಸೇರತ್ತೆ. ಸ್ಟ್ರಿಪ್ ಎತ್ತರಕ್ಕೆ ಗಾಳಿ ಮತ್ತೆ ಅಲ್ಯೂಮಿನಾ ಸರಾಸರಿ 5.4 ಹಿಡಿದು ಕಾಲು ತರಂಗದೂರ ಲೆಕ್ಕ ಹಾಕಿದ್ರೆ 9.2 ಮಿಮೀ, ಅಗಲ 2 ಮಿಮೀ ಸಾಕು. ಸ್ಲಾಟ್‌ನ ತುದಿ ನಡುವಿಂದ 6.5 ಮಿಮೀ ದೂರದಲ್ಲಿದೆ, ತೂತಿನ ಅಂಚು 8.5ರ ಹತ್ರ, ಮಧ್ಯೆ 2 ಮಿಮೀ ಉಳಿಯತ್ತೆ. ಇಕ್ಕಟ್ಟು ಅನ್ಸಿದ್ರೆ ಸ್ಲಾಟನ್ನ ವೈ ಗೆರೆ ಮೇಲೇ 1 ಮಿಮೀ ಹಿಂದಕ್ಕೆ ಸರಿಸಿ, ಕನ್ನಡಿ ಪ್ಲೇನ್ ಬಿಟ್ಟು ಆಚೆ ಹೋಗಲ್ಲವಾದ್ರಿಂದ ಸಿಮೆಟ್ರಿಗೆ ಏನೂ ಆಗಲ್ಲ. ಆದ್ರೆ ಎಕ್ಸ್ ದಿಕ್ಕಿಗೆ ಅರ್ಧ ಮಿಮೀ ಕೂಡ ಸರಿಸ್ಬೇಡಿ.

ಸಿಮ್ಯುಲೇಶನ್

ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ ಥರದ ಫೀಲ್ಡ್ ಸಿಮ್ಯುಲೇಶನ್ ಸಾಫ್ಟ್‌ವೇರ್ ಯಾವ್ದಾದ್ರೂ ಸರಿ, ಲೈಸೆನ್ಸ್ ಇಲ್ಲ ಅಂದ್ರೆ ಓಪನ್‌ಇಎಮ್‌ಎಸ್ ಉಚಿತ, ಸ್ಕ್ರಿಪ್ಟ್ ಬರೆಯೋ ತಾಳ್ಮೆ ಇದ್ರೆ ಸಾಕು. ಸುತ್ತ ಏರ್‌ಬಾಕ್ಸ್ ಕನಿಷ್ಠ ಕಾಲು ತರಂಗದೂರ, ಅದೂ ಸ್ವೀಪ್‌ನ ಅತೀ ಕೆಳಗಿನ ಫ್ರೀಕ್ವೆನ್ಸಿಗೆ ಲೆಕ್ಕ ಹಾಕಿ, 3 ಗಿಗಾಹರ್ಟ್ಸ್‌ಗೆ 25 ಮಿಮೀ. ಸಿಲಿಂಡರ್‌ನ ದುಂಡು ಮೇಲ್ಮೈಗೆ ಮೆಶ್ ನಯವಾಗಿರ್ಲಿ, ಒರಟು ಮೆಶ್‌ನಲ್ಲಿ ದುಂಡು ಹೋಗಿ ಬಹುಭುಜ ಆಗಿ ಗಾತ್ರ ಕಮ್ಮಿ ಆಗತ್ತೆ, ಫ್ರೀಕ್ವೆನ್ಸಿ ಮೇಲಕ್ಕೆ ಜಾರತ್ತೆ.

ಒಂದೇ ಸಲ ಎರಡೂ ಪೋರ್ಟ್ ಹಾಕಿ ಆಪ್ಟಿಮೈಸರ್‌ಗೆ ಬಿಟ್ಟು ಮಲಗೋ ಅಭ್ಯಾಸ ಬೇಡ. ಮೊದಲು ಬರೀ ಪೋರ್ಟ್ 1 ಇಟ್ಟು ಓಡ್ಸಿ. ಡಿಪ್ (ವಾಪಸ್ ಬರೋ ಸಿಗ್ನಲ್‌ನ ಗ್ರಾಫ್ ತಗ್ಗೋ ಜಾಗ) ಎಲ್ಲಿ ಬಂತು ನೋಡಿ, ಆಮೇಲೆ, ಇದನ್ನ ಮಾತ್ರ ಬಿಡಲೇಬೇಡಿ, ಆ ಡಿಪ್ ಇರೋ ಫ್ರೀಕ್ವೆನ್ಸೀಲಿ ಸಿಲಿಂಡರ್ ಒಳಗಿನ ಫೀಲ್ಡ್ ಪ್ಲಾಟ್ ತೆಗೆದು ಅದು ಎಚ್‌ಇ11 ಹೌದೋ ಅಲ್ಲವೋ ಖಚಿತ ಮಾಡ್ಕೊಳ್ಳಿ. ಸ್ಲಾಟ್‌ದೇ ಸ್ವಂತ ರೆಸೋನೆನ್ಸ್ ಇರತ್ತೆ, ಎಷ್ಟೋ ಜನ ಅದನ್ನೇ ಡಿಆರ್‌ಎ ಅಂದ್ಕೊಂಡು ವಾರಗಟ್ಟಲೆ ಟ್ಯೂನ್ ಮಾಡಿರೋದು ನೋಡಿದೀನಿ, ಸಿಲಿಂಡರ್ ಎತ್ತರ ಬದಲಾಯಿಸಿದ್ರೂ ಡಿಪ್ ಅಲ್ಲಾಡಲ್ಲ ಅಂದ್ರೆ ಅದು ಡಿಆರ್‌ಎ ಮೋಡೇ ಅಲ್ಲ. ಎತ್ತರದ ಸಿಲಿಂಡರ್ ಆದ್ರಿಂದ ಮೇಲಿನ ಎಚ್‌ಇ ಮೋಡ್‌ಗಳೂ ಸ್ವಲ್ಪ ಕೆಳಗಿಳಿದಿರ್ತವೆ, ಸ್ವೀಪನ್ನ 6 ಗಿಗಾಹರ್ಟ್ಸ್ ತನಕ ಬಿಟ್ಟು ಅವು ಎಲ್ಲಿವೆ ತಿಳ್ಕೊಳ್ಳಿ.

ಟ್ಯೂನ್ ಮಾಡೋ ಕ್ರಮ ಹೀಗಿರ್ಲಿ. ಫ್ರೀಕ್ವೆನ್ಸಿ ಸರಿಯಿಲ್ಲ ಅಂದ್ರೆ ಸಿಲಿಂಡರ್ ಎತ್ತರ ಮುಟ್ಟಿ. ಫ್ರೀಕ್ವೆನ್ಸಿ ಸರಿ ಇದೆ ಮ್ಯಾಚ್ ಇಲ್ಲ ಅಂದ್ರೆ ಸ್ಮಿತ್ ಚಾರ್ಟ್ (ಇಂಪೀಡೆನ್ಸ್ ತೋರಿಸೋ ದುಂಡು ಗ್ರಾಫ್) ತೆಗೀರಿ, ಲೂಪ್ ತುಂಬಾ ದೊಡ್ಡದಾಗಿ ನಡುಬಿಂದುವನ್ನ ಸುತ್ತು ಹಾಕ್ತಿದ್ರೆ ಕಪ್ಲಿಂಗ್ ಜಾಸ್ತಿ ಆಯ್ತು, ಸ್ಲಾಟ್ ಕಮ್ಮಿ ಮಾಡಿ, ಚಿಕ್ಕ ಲೂಪ್ ನಡುಬಿಂದುವನ್ನ ಮುಟ್ತಾನೇ ಇಲ್ಲ ಅಂದ್ರೆ ಸ್ಲಾಟ್ ಉದ್ದ ಮಾಡಿ. ಲೂಪ್ ಸೈಜ್ ಸರಿ ಇದ್ದು ಮೇಲಕ್ಕೋ ಕೆಳಕ್ಕೋ ಸರಿದಿದ್ರೆ ಸ್ಟಬ್ ಉದ್ದ. ಸ್ಲಾಟನ್ನ ಉದ್ದ ಮಾಡ್ತಾ ಹೋದ್ರೆ ಅದರ ಸ್ವಂತ ರೆಸೋನೆನ್ಸ್ ಕೆಳಗಿಳಿದು ಡಿಆರ್‌ಎ ಪಕ್ಕ ಬರತ್ತೆ, ಎರಡು ಡಿಪ್ ಕೂಡ್ಕೊಂಡು ಬ್ಯಾಂಡ್ ಅಗಲ ಆಗತ್ತೆ, ಆಗಲೇ ಹೇಳಿದ ಮಿಗತೆ ಇಲ್ಲಿಂದ ಬರೋದು. ಅತಿ ಮಾಡ್ಬೇಡಿ, ಸ್ಲಾಟ್ ತಾನೇ ರೇಡಿಯೇಟ್ ಮಾಡೋಕೆ ಶುರು ಮಾಡಿದ್ರೆ ಹಿಂದಿನ ಲೋಬ್ ಬೆಳೆಯತ್ತೆ.

ಆಮೇಲೆ ಪೋರ್ಟ್ 2 ಸೇರಿಸಿ, ಬರೀ ಸ್ಟ್ರಿಪ್ ಎತ್ತರ ಮಾತ್ರ ಬದಲಾಯಿಸಿ ಮ್ಯಾಚ್ ಮಾಡಿ. ಸ್ಟ್ರಿಪ್ ಗೋಡೆ ಮೇಲೆ ಬಂದ ಮೇಲೆ ಸಿಲಿಂಡರ್ ಪೂರ್ತಿ ದುಂಡಗಿಲ್ಲವಲ್ಲ, ಎರಡು ಮೋಡ್‌ಗಳ ಫ್ರೀಕ್ವೆನ್ಸಿ ಸ್ವಲ್ಪ ಬೇರೆಯಾಗತ್ತೆ, ಅದು ಸಹಜ. ಬ್ಯಾಂಡ್ ಒಳಗೇ ಇದ್ರೆ ತಲೆಕೆಡಿಸ್ಕೊಳ್ಬೇಡಿ.

ನಾಲ್ಕು ಪೋರ್ಟ್ ಬೇಕಾದ್ರೆ

ಇದೇ ಘಟಕ ಎರಡು ಇಟ್ಟು ನಾಲ್ಕು ಪೋರ್ಟ್ ಮಾಡ್ಬಹುದು, ಎರಡರ ನಡುವೆ ಅರ್ಧ ತರಂಗದೂರ ಅಂದ್ರೆ 43 ಮಿಮೀ. ಯಾವ ದಿಕ್ಕಿಗೆ ಸಾಲಾಗಿ ಇಡ್ಬೇಕು ಅನ್ನೋದನ್ನ ಮತ್ತೆ ಮೋಡ್ ಹೇಳತ್ತೆ. ವೈ ದಿಕ್ಕಿಗೆ ಸಾಲಾಗಿಟ್ರೆ ಎರಡು ಸ್ಲಾಟ್‌ಗಳ ಮ್ಯಾಗ್ನೆಟಿಕ್ ಡೈಪೋಲ್ ಒಂದೇ ಗೆರೆ ಮೇಲೆ ತುದಿಗೆ ತುದಿ ಬರತ್ತೆ, ಡೈಪೋಲ್ ತನ್ನ ಅಕ್ಷದ ದಿಕ್ಕಿಗೆ ರೇಡಿಯೇಟ್ ಮಾಡಲ್ಲ, ಹಾಗಾಗಿ ಸ್ಲಾಟ್ ಪೋರ್ಟ್‌ಗಳ ನಡುವೆ ಕಪ್ಲಿಂಗ್ ಕಮ್ಮಿ. ಆದ್ರೆ ಸ್ಟ್ರಿಪ್ ಎಬ್ಬಿಸೋ ಮೋಡ್‌ನ ಡೈಪೋಲ್ ಎಕ್ಸ್ ದಿಕ್ಕಿಂದು, ಅದು ವೈ ಕಡೆಗೆ ಗ್ರೌಂಡ್ ಉದ್ದಕ್ಕೂ ಜೋರಾಗೇ ಹೋಗತ್ತೆ. ಅಂದ್ರೆ ಆರು ಜೋಡಿ ಪೋರ್ಟ್‌ಗಳಲ್ಲಿ ತೊಂದರೆ ಕೊಡೋದು ಮುಖ್ಯವಾಗಿ ಒಂದೇ ಜೋಡಿ, ಸ್ಟ್ರಿಪ್‌ಗೆ ಸ್ಟ್ರಿಪ್. ಒಂದು ಘಟಕವನ್ನ 180 ಡಿಗ್ರಿ ತಿರುಗಿಸಿ ಎರಡೂ ಸ್ಟ್ರಿಪ್ ಹೊರಬದಿಗೆ ಬರೋ ಹಾಗೆ ಮಾಡಿ, ಅವುಗಳ ನಡುವಿನ ದೂರ 43ರ ಬದ್ಲು 62 ಮಿಮೀ ಆಗತ್ತೆ. ಅಷ್ಟಾದ್ರೂ ಸಾಲದಿದ್ರೆ ಮಾತ್ರ ನಡುವೆ ಗ್ರೌಂಡ್ ಅಂಚಿನಿಂದ ಕಾಲು ತರಂಗದೂರದ ಸೀಳು ಕೊಡಿ, ಎಫ್‌ಆರ್‌4 ಮೇಲೆ ಅದು 13 ಮಿಮೀ ಆಸುಪಾಸು.

ಒಂದು ವಿಷಯದಲ್ಲಿ ನನಗೆ ನಿಜವಾಗ್ಲೂ ಬೇಜಾರಿದೆ. ಗ್ರೌಂಡನ್ನ ಎರಡು ನಾಲ್ಕು ತುಂಡು ಮಾಡಿ, ಒಂದಕ್ಕೊಂದು ಸಂಪರ್ಕವೇ ಇಲ್ಲದ ಹಾಗೆ ಬಿಟ್ಟು, ನೋಡಿ 35 ಡಿಬಿ ಐಸೋಲೇಶನ್ ಅಂತ ತೋರಿಸೋದು ತುಂಬಾ ಕಡೆ ನಡೀತಿದೆ. ನಿಜವಾದ ಸಾಧನದಲ್ಲಿ ಎಲ್ಲಾ ಪೋರ್ಟ್‌ಗೂ ಒಂದೇ ರೆಫರೆನ್ಸ್ ಗ್ರೌಂಡ್ ಇರ್ಲೇಬೇಕು, ಹಿಂದೆ ಒಂದೇ ಟ್ರಾನ್ಸೀವರ್ ಕೂತಿರತ್ತೆ. ಹಾಗಾಗಿ ಸೀಳು ಕೊಡಿ, ಆದ್ರೆ ತುಂಡು ಮಾಡ್ಬೇಡಿ.

ಇಸಿಸಿ ಲೆಕ್ಕದಲ್ಲಿ ಮೋಸ ಹೋಗ್ಬೇಡಿ

ಎನ್ವಲಪ್ ಕೋರಿಲೇಶನ್ ಕೋಎಫಿಶಿಯಂಟ್, ಇಸಿಸಿ, ಎರಡು ಪೋರ್ಟ್‌ಗಳ ಪ್ಯಾಟರ್ನ್ ಒಂದನ್ನೊಂದು ಎಷ್ಟು ಹೋಲತ್ತೆ ಅಂತ ಹೇಳತ್ತೆ. ಎಸ್ ಪ್ಯಾರಾಮೀಟರ್‌ಗಳಿಂದಲೇ (ರಿಟರ್ನ್ ಲಾಸ್, ಐಸೋಲೇಶನ್ ಇವನ್ನ ಕೊಡೋ ಅಳತೆಗಳು) ಲೆಕ್ಕ ಹಾಕೋ ಸುಲಭ ಫಾರ್ಮುಲಾ ಇದೆ, ಎಲ್ಲರೂ ಅದನ್ನೇ ಹಾಕ್ತಾರೆ. ಅದು ಲಾಸ್ ಇಲ್ಲದ ಆಂಟೆನಾಗೆ ಮಾತ್ರ ಅನ್ವಯ, ನಾವು ಎಫ್‌ಆರ್‌4 ಹಾಕಿದೀವಿ. ಅದಕ್ಕಿಂತ ಮುಖ್ಯವಾದದ್ದು ಕೇಳಿ: ರಿಟರ್ನ್ ಲಾಸ್ ಬರೀ 10 ಡಿಬಿ, ಐಸೋಲೇಶನ್ ಬರೀ 15 ಡಿಬಿ ಇರೋ ಸಾಧಾರಣ ಆಂಟೆನಾಗೂ ಆ ಫಾರ್ಮುಲಾ ಹೆಚ್ಚೆಂದ್ರೆ 0.017 ಕೊಡತ್ತೆ, ಫೇಸ್ ಎಷ್ಟೇ ಕೆಟ್ಟದಾಗಿದ್ರೂ ಅದನ್ನ ಮೀರಲ್ಲ. ರೂಢಿಯ ಮಿತಿ 0.5, ಎಲ್ಲರೂ ಪಾಸ್. ಎಲ್ಲರೂ ಪಾಸಾಗೋ ಪರೀಕ್ಷೆ ಏನನ್ನೂ ಅಳೆಯಲ್ಲ. ಫಾರ್ ಫೀಲ್ಡ್ ಪ್ಯಾಟರ್ನ್‌ನಿಂದ, ಫೇಸ್ ಸಮೇತ, ಪೂರ್ತಿ ಗೋಳದ ಮೇಲೆ ಇಂಟಿಗ್ರೇಟ್ ಮಾಡಿ ಲೆಕ್ಕ ಹಾಕಿ, ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಆಯ್ಕೆ ಇರತ್ತೆ. ನಮ್ಮ ಡಿಸೈನ್‌ನಲ್ಲಿ ಎರಡು ಪೋರ್ಟ್‌ಗೂ ಪೋಲರೈಸೇಶನ್ ಒಂದಕ್ಕೊಂದು ಲಂಬ ಇರೋದ್ರಿಂದ ಅದು ತಾನಾಗೇ ಕಮ್ಮಿ ಬರತ್ತೆ. ಡೈವರ್ಸಿಟಿ ಗೇನ್ ಇಸಿಸಿಯಿಂದಲೇ ಬರೋ ನಂಬರ್, ಬೇರೆ ಹೊಸ ವಿಷಯ ಹೇಳಲ್ಲ. ನಾಲ್ಕು ಪೋರ್ಟ್ ಮಾಡಿದ್ರೆ ಟಾರ್ಕ್ (ಟೋಟಲ್ ಆಕ್ಟಿವ್ ರಿಫ್ಲೆಕ್ಷನ್ ಕೋಎಫಿಶಿಯಂಟ್, TARC) ನೋಡಿ, ಎಲ್ಲಾ ಪೋರ್ಟ್ ಒಟ್ಟಿಗೆ ಬೇರೆ ಬೇರೆ ಫೇಸ್‌ನಲ್ಲಿ ಓಡುವಾಗ ಬ್ಯಾಂಡ್ ಎಷ್ಟು ಉಳಿಯತ್ತೆ ಅನ್ನೋದು ಅದರಲ್ಲಿ ಗೊತ್ತಾಗತ್ತೆ.

ಕೈಯಲ್ಲಿ ಮಾಡೋದು ಮತ್ತೆ ಅಳೆಯೋದು

ಬೋರ್ಡ್ ಮಾಡ್ಸೋದು ಈಗ ಕಷ್ಟವಿಲ್ಲ, ಎಸ್‌ಎಮ್‌ಎ ಕನೆಕ್ಟರ್, ತಾಮ್ರದ ಟೇಪ್ ಎಲ್ಲಾ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಿದ್ರೆ ಸಿಗತ್ತೆ. ಕಷ್ಟ ಇರೋದು ಸಿಲಿಂಡರ್ ಕೂರಿಸೋದ್ರಲ್ಲಿ. ಸಿಲಿಂಡರ್ ತಳ ಮತ್ತೆ ಗ್ರೌಂಡ್ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದ್ರೂ ಸಾಕು, ಲಂಬ ಎಲೆಕ್ಟ್ರಿಕ್ ಫೀಲ್ಡ್ ಆ ಕಡಿಮೆ ಪರ್ಮಿಟಿವಿಟಿಯ ಸಂದಿಯಲ್ಲಿ ಹತ್ತು ಪಟ್ಟು ಹೆಚ್ಚಾಗಿ ತುಂಬ್ಕೊಳ್ಳತ್ತೆ, ರೆಸೋನೆನ್ಸ್ ಮೇಲಕ್ಕೆ ಓಡತ್ತೆ. ನಾನು ಮೊದಲ ಸಲ ಮಾಡಿದಾಗ ಡಿಪ್ ಸಿಮ್ಯುಲೇಶನ್‌ಗಿಂತ ತುಂಬಾ ಮೇಲೆ ಬಂತು, ಎರಡು ದಿನ ಮಟೀರಿಯಲ್ ಮೇಲೆ ಅನುಮಾನ ಪಟ್ಟೆ, ಕೊನೆಗೆ ನೋಡಿದ್ರೆ ತಂತಿಯ ಬೆಸುಗೆ ಗುಳ್ಳೆ ಸಿಲಿಂಡರ್‌ನ ಒಂದು ಬದಿ ಎತ್ತಿ ಹಿಡಿದಿತ್ತು. ಹಾಗಾಗಿ ಮೇಲ್ಗಡೆ ಬೆಸುಗೆ ಸಪಾಟಾಗಿರ್ಲಿ, ಅಂಟು ತೆಳುವಾಗಿ ಒಂದೇ ಸಮ ಹಾಕಿ, ಒಣಗೋ ತನಕ ತೂಕ ಇಡಿ, ಸಿಮ್ಯುಲೇಶನ್‌ನಲ್ಲೂ 0.1 ಮಿಮೀ ಅಂಟಿನ ಪದರ ಪರ್ಮಿಟಿವಿಟಿ 3 ಅಂತ ಸೇರಿಸಿ ಒಮ್ಮೆ ಓಡ್ಸಿ ನೋಡ್ಕೊಳ್ಳಿ. ಸಿಲಿಂಡರ್ ನಡುವಲ್ಲೇ ಕೂರೋಕೆ ಬೋರ್ಡ್ ಮೇಲೆ 19 ಮಿಮೀ ವೃತ್ತ ಸಿಲ್ಕ್‌ಸ್ಕ್ರೀನ್ ಮಾಡ್ಸಿ, ಎಕ್ಸ್ ದಿಕ್ಕಿನ ತಪ್ಪು ಐಸೋಲೇಶನ್‌ನಲ್ಲಿ ನೇರ ಕಾಣತ್ತೆ.

ಸಾಮಾನ್ಯ ಚಿಕ್ಕ ನ್ಯಾನೋವಿಎನ್‌ಎ (ಎಸ್ ಪ್ಯಾರಾಮೀಟರ್ ಅಳೆಯೋ ಕೈಗಾತ್ರದ ಸಾಧನ) 3.5 ಗಿಗಾಹರ್ಟ್ಸ್‌ಗೆ ಮುಟ್ಟಲ್ಲ, 6 ಗಿಗಾಹರ್ಟ್ಸ್ ತನಕ ಹೋಗೋದು ಬೇಕು, ಇಲ್ಲಾ ಹತ್ತಿರದ ಕಾಲೇಜ್ ಲ್ಯಾಬ್‌ನಲ್ಲಿ ಕೇಳಿ. ಕ್ಯಾಲಿಬ್ರೇಶನ್ ಕೇಬಲ್ ತುದಿಯಲ್ಲೇ ಮಾಡಿ, ಆಮೇಲೆ ಕೇಬಲ್ ಅಲ್ಲಾಡಿಸ್ಬೇಡಿ. ಬೋರ್ಡ್ ಚಿಕ್ಕದಾದ್ರಿಂದ ಕರೆಂಟ್ ಕೇಬಲ್ ಹೊರಮೈ ಮೇಲೆ ಹರಿಯತ್ತೆ, ಕೇಬಲ್ ಕೈಲಿ ಮುಟ್ಟಿದ್ರೆ ಗ್ರಾಫ್ ಅಲ್ಲಾಡ್ತಿದೆ ಅಂದ್ರೆ ಅದೇ ಕಾರಣ, ಫೆರೈಟ್ ಮಣಿ ಹಾಕಿ. ಒಂದು ಪೋರ್ಟಿನ ಪ್ಯಾಟರ್ನ್ ಅಳೆಯುವಾಗ ಇನ್ನೊಂದಕ್ಕೆ 50 ಓಮ್ ಲೋಡ್ ಹಾಕೋದು ಕಡ್ಡಾಯ, ಖಾಲಿ ಬಿಟ್ರೆ ನೀವು ಅಳೀತಿರೋದು ಬೇರೆ ಆಂಟೆನಾ.

ಅಳತೆ ಸ್ವಲ್ಪ ಆಚೀಚೆ ಬಂದ್ರೆ ಅಲ್ಯೂಮಿನಾ ಉಜ್ಜೋಕೆ ಹೋಗ್ಬೇಡಿ, ಆಗಲ್ಲ. ಪೋರ್ಟ್ 2ಕ್ಕೆ ಸ್ಟ್ರಿಪ್‌ನ ಟೇಪನ್ನ ಮೊದಲೇ 1 ಮಿಮೀ ಉದ್ದ ಅಂಟಿಸಿಟ್ಟು ಬ್ಲೇಡ್‌ನಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸ್ತಾ ಬನ್ನಿ. ಪೋರ್ಟ್ 1ಕ್ಕೂ ಹಾಗೇ ಸ್ಟಬ್ ಉದ್ದ ಬಿಟ್ಟಿದ್ರೆ ಬೋರ್ಡ್ ಕೆಳಗಿಂದ ಕತ್ತರಿಸ್ಬಹುದು, ಸಿಲಿಂಡರ್ ಎಬ್ಬಿಸೋದು ಬೇಕಿಲ್ಲ. ಪ್ರತಿ ಸಲ ಕತ್ತರಿಸಿದ ಮೇಲೆ ಆ ಪೋರ್ಟಿನ ರಿಟರ್ನ್ ಲಾಸ್ ಒಂದನ್ನೇ ನೋಡಿ ಖುಷಿಪಟ್ಟು ನಿಲ್ಲಿಸ್ಬೇಡಿ, ಎಸ್11, ಎಸ್22 (ಎರಡೂ ಪೋರ್ಟಿನ ರಿಟರ್ನ್ ಲಾಸ್) ಮತ್ತೆ ಎಸ್21 (ಐಸೋಲೇಶನ್) ಮೂರನ್ನೂ ಸೇವ್ ಮಾಡಿ, ಫೈಲ್ ಹೆಸರಲ್ಲಿ ಆ ಹೊತ್ತಿನ ಸ್ಟ್ರಿಪ್ ಎತ್ತರ ಮತ್ತೆ ಸ್ಟಬ್ ಉದ್ದ ಎರಡನ್ನೂ ಬರೆದಿಡಿ.